ಹಸಿ ಕೊಂಬೆಗೊಂದು ಹೋಳಿಗೆ ಊಟ

ನಮ್ಮ ಮನೆಯಲ್ಲಿ ನೆಲ ಒರೆಸುವ ಬಟ್ಟೆಯ ಮೇಲೆ ‘ಕಾಡು ಉಳಿಸಿ’ ಎಂದು ಬರೆದಿದೆ. ಒಂದು ಕಾಲಕ್ಕೆ ಅದು ನನ್ನ ಟೀ ಶರ್ಟು. ಹೊಸಪೇಟೆಯಲ್ಲಿ ನಮ್ಮದೊಂದು ಪರಿಸರ ಪ್ರೇಮಿಗಳ ಬಳಗವಿದೆ. ಹೆಸರು ಹೇಳಿದರೆ ನೀವೂ ಸದಸ್ಯರಾಗಿಬಿಡುತ್ತೀರಿ, ಅದಕ್ಕೇ ಹೇಳುವುದಿಲ್ಲ. ಬಳಗ ಹುಟ್ಟಿದ ವಾರಕ್ಕೆ, ಇನ್ನೂ ಒಂದು ಗಿಡದ ಹೆಸರು ಕೂಡ ಗೊತ್ತಾಗುವ ಮೊದಲೇ, ಎಲ್ಲರಿಗೂ ಗಿಣಿ ಹಸಿರಿನ ಟೀ ಶರ್ಟು ಬಂತು. ನಾಲ್ಕು ಒಗೆತಕ್ಕೆ ಹಸಿರೆಲ್ಲ ಬಕೆಟ್ಟಿಗೆ ಇಳಿಯಿತು, ಅಕ್ಷರ ಮಾತ್ರ ಗಟ್ಟಿಯಾಗಿ ನಿಂತಿತು. ಮೊನ್ನೆ ನನ್ನ ಹೆಂಡತಿ ಅದನ್ನು ಫಿನಾಯಿಲ್ ನೀರಿನಲ್ಲಿ ಹಿಂಡುತ್ತ, “ಕಾಡಿಗಂತೂ ಉಪಯೋಗ ಆಗ್ಲಿಲ್ಲ, ಪಡಸಾಲಿಗರೆ ಆತು” ಅಂದಳು. ಕುರ್ಚಿಯಲ್ಲಿ ಕೂತಿದ್ದ ನಾನು ಕಾಲು ಇನ್ನಷ್ಟು ಮೇಲೆತ್ತಿಕೊಂಡೆ. ನೆಲ ಒರೆಸುವವರ ಎದುರು ವಾದಕ್ಕಿಳಿಯಬಾರದು ಅನ್ನುವಷ್ಟು ಬುದ್ಧಿ ಸಂಸಾರ ನನಗೆ ಕಲಿಸಿದೆ.

ನನ್ನದು ಫ್ಲೆಕ್ಸ್ ಅಂಗಡಿ. ಮೊದಲು ಕುಂಚ ಹಿಡಿದು ಬೋರ್ಡು ಬರೆಯುತ್ತಿದ್ದೆ. ಕಂಪ್ಯೂಟರು ಬಂದ ಮೇಲೆ ಹುಟ್ಟುಹಬ್ಬ, ಗೃಹಪ್ರವೇಶ, ಭಾವಪೂರ್ಣ ಶ್ರದ್ಧಾಂಜಲಿ ಎಲ್ಲವೂ ಒಂದೇ ಮಿಶಿನ್ನಿನ ಬಾಯಿಂದ ಬರುತ್ತವೆ. ‘ಪ್ಲಾಸ್ಟಿಕ್ ಬಳಸಬೇಡಿ’ ಎಂಬ ಉಪದೇಶವನ್ನು ಇಪ್ಪತ್ತು ಅಡಿ ಉದ್ದದ ಪ್ಲಾಸ್ಟಿಕ್ಕಿನ ಮೇಲೆ ನಾನು ಎಷ್ಟು ಸಲ ಹೊಡೆದಿದ್ದೇನೋ ದೇವರೇ ಬಲ್ಲ. ಬಳಗದವರು ನನ್ನನ್ನು ಕಾರ್ಯದರ್ಶಿ ಮಾಡಿದ್ದು ಈ ಮಿಶಿನ್ನಿಗಾಗಿ, ನನ್ನ ಜ್ಞಾನಕ್ಕಾಗಿ ಅಲ್ಲ. ಒಮ್ಮೆ ಕರಡಿ ಉಳಿಸುವ ಕಾರ್ಯಕ್ರಮಕ್ಕೆ ಕರಡಿಯ ಫೋಟೋ ಬೇಕಾಯಿತು. ನೆಟ್ಟಿನಲ್ಲಿ ಸಿಕ್ಕದ್ದನ್ನು ಹಾಕಿದೆ. ಮೈ ಕೈ ತುಂಬಿಕೊಂಡ ಕಂದು ಕರಡಿ, ಬಾಯಲ್ಲಿ ಕೆಂಪು ಮೀನು, ಹಿಂದೆ ಹಿಮ. ಹಿಮ ಅಳಿಸಿ ಸಂಡೂರಿನ ಗುಡ್ಡ ಕೂಡಿಸಿದೆ. ಮೀನು ಅಳಿಸಲು ಮರೆತೆ. ಮೂರು ತಿಂಗಳು ಅದು ಬಸ್ ಸ್ಟ್ಯಾಂಡಿನ ಎದುರು ನೇತಾಡಿತು. ದೊಡ್ಡ ದೊಡ್ಡವರೆಲ್ಲ ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಂಡರು. ಕಂಪ್ಲಿ ಕಡೆಯ ಮೀನುಗಾರನೊಬ್ಬ ಮಾತ್ರ ಅಂಗಡಿ ಹುಡುಕಿಕೊಂಡು ಬಂದು, “ಅಣ್ಣಾರ, ಈ ಮೀನು ನಮ್ಮ ಹೊಳ್ಯಾಗ ಎಲ್ಲಿ ಸಿಗ್ತೈತ್ರಿ?” ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಕರಡಿಯ ವಿಷಯದಲ್ಲಿ ನಾನು ಹಾಗೆ ಮಾಡಬಾರದಿತ್ತು. ಚಿಕ್ಕವನಿದ್ದಾಗ ರಜೆಯೆಲ್ಲ ಕಳೆದದ್ದೇ ಕರಡಿಗಳ ನೆರೆಯಲ್ಲಿ. ನನ್ನ ತಾಯಿಯ ತವರು ಸಂಡೂರು ತಾಲ್ಲೂಕಿನಲ್ಲಿ, ಬಂಡ್ರಿಯ ಕಡೆಗೆ ಒಂದು ಸಣ್ಣ ಊರು. ಊರ ಹಿಂದೆ ಗುಡ್ಡ, ಗುಡ್ಡದ ಬುಡಕ್ಕೆ ಊರ ದೇವತೆ ದುರುಗವ್ವನ ಅಡವಿ. ಹೆಸರಿಗೆ ಅಡವಿ, ಈ ತುದಿಯಲ್ಲಿ ಕೂಗಿದರೆ ಆ ತುದಿಗೆ ಕೇಳುತ್ತದೆ. ಕಮರ, ದಿಂಡಲ, ಮುತ್ತಲ, ಕಾಲಿಟ್ಟಲ್ಲೆಲ್ಲ ಸೀತಾಫಲ. ಮೇಲೆ ದೊಡ್ಡ ಕಲ್ಲುಗಳ ಸಂದಿಯಲ್ಲಿ ಕರಡಿ. ಅವ್ವನ ಅಕ್ಕ ಹುಲಿಗೆವ್ವ, ನನ್ನ ದೊಡ್ಡವ್ವ, ಹಣ್ಣಿನ ಕಾಲಕ್ಕೆ ಬುಟ್ಟಿ ತುಂಬಿಕೊಂಡು ಸಂಡೂರಿನ ಬಸ್ಸು ಹತ್ತುತ್ತಿದ್ದಳು; ಈಗಲೂ ಹತ್ತುತ್ತಾಳೆ. ಆಕೆ ಹಾಕಿಕೊಂಡ ಪಾಲುಪಟ್ಟಿ ಬಹಳ ಸರಳ. “ಬುಡದಾಗಿನವು ನಮ್ಮವು, ಕಲ್ಲಿನ ಮ್ಯಾಲಿನವು ಅವರವು.” ಅವರು ಅಂದರೆ ಕರಡಿಗಳು. ಒಮ್ಮೆ ನಾನು ಕಲ್ಲಿನ ಮೇಲಿನ ಹಣ್ಣಿಗೆ ಕೈ ಹಾಕಿದ್ದಕ್ಕೆ ಬೆನ್ನಿಗೆ ಒಂದು ಗುದ್ದಿದಳು. ಕರಡಿಯೇ ಸಿಕ್ಕಿದ್ದರೆ ಸ್ವಲ್ಪ ಕರುಣೆ ತೋರಿಸುತ್ತಿತ್ತೇನೋ.

ಆ ಅಡವಿಗೆ ಬೇಲಿ ಇರಲಿಲ್ಲ, ಕಾವಲಿನವರಿರಲಿಲ್ಲ, ಮುಖ್ಯವಾಗಿ ನನ್ನಂಥವರು ಬರೆದ ಬೋರ್ಡು ಇರಲಿಲ್ಲ. ಇದ್ದದ್ದು ಒಂದು ಕಟ್ಟಳೆ. ಒಣಗಿ ಬಿದ್ದದ್ದನ್ನು ಯಾರು ಬೇಕಾದರೂ ಆರಿಸಿಕೊಳ್ಳಬಹುದು. ಹಸಿ ಗಿಡಕ್ಕೆ ಕೊಡಲಿ ಹಾಕಿದವನು ಮಾತ್ರ ಊರಿಗೆಲ್ಲ ಹೋಳಿಗೆ ಊಟ ಹಾಕಬೇಕು. ಅದಕ್ಕೆ ದಂಡದ ಊಟ ಅಂತ ಹೆಸರು. ಆ ದಿನ ಹೊತ್ತು ಮೂಡಿದಾಗಿನಿಂದ ಮರುದಿನ ಹೊತ್ತು ಮೂಡುವವರೆಗೆ ಬೇರೆ ಯಾರ ಮನೆಯಲ್ಲೂ ಒಲೆ ಹಚ್ಚುವಂತಿಲ್ಲ. ತಪ್ಪು ಮಾಡಿದವನು ತಾನೇ ಕೈಯಾರೆ ಬಡಿಸಬೇಕು, ಎಲ್ಲರದಾದ ಮೇಲೆ ಉಣ್ಣಬೇಕು. ಉಂಡವರು ಎಲೆಯ ಮುಂದಿನಿಂದ ಏಳುವಾಗ ಒಬ್ಬೊಬ್ಬರೂ ‘ಮುಟ್ಟಿತು’ ಅನ್ನಬೇಕು. ಎಲ್ಲರೂ ಅಂದರೆ ತಪ್ಪು ಅಲ್ಲಿಗೆ ತೀರಿತು. ಆಮೇಲೆ ಅದರ ಮಾತು ಎತ್ತಿದವರಿಗೇ ದಂಡ.

ಇಂಥದ್ದನ್ನು ಕೇಳಿದರೆ ನಮ್ಮ ಬಳಗದವರ ಕಣ್ಣು ಒದ್ದೆಯಾಗುತ್ತದೆ. ಹಳ್ಳಿಗರ ನಿಸರ್ಗ ಪ್ರೀತಿ ಅನ್ನುತ್ತಾರೆ. ಎಲ್ಲಿಯ ನಿಸರ್ಗ ಪ್ರೀತಿ ಸುಡುಗಾಡು, ಅವರಿಗಿದ್ದದ್ದು ಹೋಳಿಗೆ ಪ್ರೀತಿ. ಒಂದು ಊರಿನ ಜನರೆಲ್ಲ ಒಬ್ಬರ ಬೆನ್ನು ಒಬ್ಬರು ಕಾಯುತ್ತಿದ್ದರು, ಸಿಕ್ಕಿಬೀಳಲಿ ಎಂದು. ಯಾರದಾದರೂ ಹಿತ್ತಿಲಲ್ಲಿ ಹೊಸ ಕಟ್ಟಿಗೆ ಕಂಡರೆ ಉಪ್ಪು ಕೇಳುವ ನೆಪದಲ್ಲಿ ಹೋಗಿ ಉಗುರಿನಿಂದ ಗೀರಿ, ಹಸಿಯೋ ಒಣವೋ ನೋಡುತ್ತಿದ್ದರು. ಹೊಸ ನೊಗ ಹೂಡಿದವನ ಹಿಂದೆ ಹತ್ತು ಜನ ಹೊಲದವರೆಗೂ ಹೋಗಿ, “ಎಲ್ಲಿಂದ ತಂದೀಪಾ, ಭಾಳ ಚಲೋ ಐತಲ್ಲ” ಎಂದು ಸವರಿ ಬರುತ್ತಿದ್ದರು. ಎರಡು ಮೂರು ವರ್ಷ ಯಾರೂ ಸಿಕ್ಕಿಬೀಳದಿದ್ದರೆ ಕಟ್ಟೆಯ ಮೇಲೆ ಬೇಜಾರೋ ಬೇಜಾರು. ಆಗ ಇನ್ನೂ ನಡುವಯಸ್ಸಿನವನಾಗಿದ್ದ ಸಿದ್ದಪ್ಪ, ಈಗ ಊರ ಹಿರಿಯ, ಮೀಸೆ ಉಜ್ಜಿಕೊಳ್ಳುತ್ತ “ಧೈರ್ಯ ಇದ್ದ ಗಂಡಸ್ರು ಹಿಂದಿನ ಕಾಲಕ್ಕ ಹೋದ್ರು ಬಿಡು” ಅನ್ನುತ್ತಿದ್ದ.

ಅಂಥ ಒಂದು ಬರಗೆಟ್ಟ ಬೇಸಿಗೆಯಲ್ಲಿ ನನ್ನ ದೊಡ್ಡಪ್ಪ, ಅಂದರೆ ಹುಲಿಗೆವ್ವನ ಗಂಡ, ಬೆಳಗಿನ ಜಾವ ದಿಂಡಲದ ಒಂದು ಕೊಂಬೆ ಕಡಿದು ತಂದು ಹುಲ್ಲಿನ ಬಣವೆಯಲ್ಲಿ ಮುಚ್ಚಿಟ್ಟ. ನೊಗ ಮುರಿದಿತ್ತು, ಬಿತ್ತಿಗೆ ತಲೆಯ ಮೇಲೆ ಬಂದಿತ್ತು. ಬಯಲಿಗೆ ಹೋಗಿದ್ದ ನಾನು ನೋಡಿದೆ. ನನಗೆ ಎಂಟೋ ಒಂಬತ್ತೋ ವರ್ಷ. ಮಧ್ಯಾಹ್ನದವರೆಗೆ ತಡೆದುಕೊಂಡೆ, ಆಮೇಲೆ ಹೂರಣದ ನೆನಪಾಗಿ ತಡೆಯಲಾಗದೆ ಕಟ್ಟೆಯ ಹತ್ತಿರ ಹೋಗಿ ಹೇಳಿಬಿಟ್ಟೆ. ಊರಿನವರು ನನ್ನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದೊಂದು ಬಾಕಿ. ಮೂರನೆಯ ದಿನ ದಂಡದ ಊಟ. ದೊಡ್ಡಪ್ಪ ಬೆವರು ಸುರಿಸುತ್ತ ಸಾಲಿನುದ್ದಕ್ಕೂ ಬಡಿಸುತ್ತ ಬಂದ. ನನ್ನ ಎಲೆಗೆ ಬಂದಾಗ ಎಲ್ಲರಿಗಿಂತ ಒಂದು ಹೋಳಿಗೆ ಹೆಚ್ಚಿಗೆ ಹಾಕಿ, “ಉಣ್ಣಪಾ, ನೀ ದುಡಿದದ್ದು” ಅಂದ. ನಾನು ಉಂಡೆ. ನಾಚಿಕೆಯಾಯಿತು ಅಂತ ಬರೆದರೆ ನಿಮಗೆ ಚೆನ್ನಾಗಿರುತ್ತದೆ, ಆದರೆ ಹೋಳಿಗೆ ರುಚಿಯಾಗಿತ್ತು.

ಈ ಕಥೆಯನ್ನು ನಾನು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ನಾಲಿಗೆ ಚಾಳಿ. ಹಾಗೆ ಕೇಳಿಸಿಕೊಂಡವರಲ್ಲಿ ವೀರೇಶಪ್ಪನೂ ಒಬ್ಬ. ಹಂಪಿಗೆ ಬರುವ ಪ್ರವಾಸಿಗರಿಂದ ಬದುಕಿ, ಬೆಳೆದು, ಉಬ್ಬಿದ ಮನುಷ್ಯ. ಎರಡು ವರ್ಷದ ಹಿಂದೆ ಅವನು ನನ್ನ ಅಂಗಡಿಗೆ ಬಂದದ್ದು ಹೊಸ ರೆಸಾರ್ಟಿನ ಫ್ಲೆಕ್ಸಿಗೆ. ಕಲ್ಲು ನೋಡಿ ಸುಸ್ತಾದ ಪ್ರವಾಸಿಗರಿಗೆ ಕರಡಿ ತೋರಿಸುವ ರೆಸಾರ್ಟು. ಜಾಗ ಯಾವುದು ಅಂದರೆ ದುರುಗವ್ವನ ಅಡವಿ. ಕರಡಿ ಮಲಗುವ ಕಲ್ಲಿನ ಬುಡಕ್ಕೇ ರೂಮು ಕಟ್ಟಿ, ಗಿಡ ತೆಗೆದು ಹುಲ್ಲುಹಾಸು ಹಾಕಿ, ಬಾಲ್ಕನಿಯಲ್ಲಿ ಕೂತು ಕರಡಿ ನೋಡುವುದು.

“ಗಿಡ ತೆಗೆದ್ರ ಕರಡಿ ಎಲ್ಲಿರ್ತಾವ್ರಿ?” ಎಂದು ಕೇಳಿದೆ. ಕಾರ್ಯದರ್ಶಿ ಅಲ್ಲವೇ, ಕೇಳಬೇಕಲ್ಲ.

“ಅವು ಎಲ್ಲಿ ಹೋಗ್ತಾವ ಮಂಜಣ್ಣ, ಅಲ್ಲೇ ಇರ್ತಾವ. ಜಾಗ ಊರಿಂದೈತಿ. ಊರಿನವ್ರು ಹೂಂ ಅಂದ್ರ ಉಳಿದ ಕಾಗದಪತ್ರ ನಾ ನೋಡ್ಕೊಂತೀನಿ. ಆದ್ರ ಅದೇನೋ ದಂಡದ ಊಟ ಅಂತಿದ್ರಲ್ಲ, ಅದು ಹೆಂಗ?”

ನನ್ನ ಎದೆ ಉಬ್ಬಿತು. ಚಾ ತರಿಸಿ, ಮೊದಲಿನಿಂದ ಕೊನೆಯವರೆಗೆ, ಒಲೆ ಹಚ್ಚದಿರುವುದರಿಂದ ಹಿಡಿದು ‘ಮುಟ್ಟಿತು’ ಅನ್ನುವವರೆಗೆ ವಿವರಿಸಿದೆ. ಅವನು ಕಣ್ಣು ಮುಚ್ಚಿ ಕೇಳಿದ. “ಅಂದ್ರ ಊಟ ಹಾಕಿದ್ರ ಮುಗೀತು?” ಅಂದ. “ಮುಗೀತು” ಅಂದೆ. “ಎಷ್ಟು ಗಿಡಕ್ಕ ಎಷ್ಟು ಊಟ ಅಂತ ಏನರೆ ಐತೇನು?” ಅಂದ. ಯೋಚಿಸಿದೆ. ಇರಲಿಲ್ಲ. ಒಂದು ಕೊಂಬೆಗೂ ಅದೇ ಊಟ, ಒಂದು ಅಡವಿಗೂ ಅದೇ ಊಟ. ಕಟ್ಟಳೆ ಮಾಡಿದ ಹಿರಿಯರು ನೊಗದ ಮೇಲೆ, ಕುಂಟೆಯ ಮೇಲೆ ಕಣ್ಣಿಟ್ಟು ಮಾಡಿದ್ದರು. ಜೆಸಿಬಿ ಅವರ ಕನಸಿನಲ್ಲೂ ಬಂದಿರಲಿಲ್ಲ. ವೀರೇಶಪ್ಪ ಚಾ ಮುಗಿಸಿ ಕಪ್ಪು ಕೆಳಗಿಟ್ಟ. ನಾನು ಎರಡನೆಯ ಸಲ ಚಾಡಿ ಹೇಳಿದ್ದೆ, ಈ ಸಲ ಹೋಳಿಗೆಯ ಆಸೆಯೂ ಇಲ್ಲದೆ, ಬರೀ ಹೊಗಳಿಕೆಯ ಆಸೆಗೆ.

ಮುಂದಿನ ವಾರ ಊರ ಕಟ್ಟೆಯ ಮೇಲೆ ಸಭೆ ಸೇರಿತು. ನಾನೂ ಹೋಗಿದ್ದೆ, ಅಡವಿಯ ಪರವಾಗಿ ಮಾತಾಡಲು ನಾಲ್ಕು ಹಾಳೆ ಬರೆದುಕೊಂಡು. ಹಾಳೆ ಜೇಬಿನಿಂದ ಹೊರಗೆ ಬರಲಿಲ್ಲ. ವೀರೇಶಪ್ಪ ಮಾತು ನೇರವಾಗಿಯೇ ಇಟ್ಟ. ಕದ್ದು ಕಡಿದು ಸಿಕ್ಕಿಬೀಳುವ ಜಾತಿ ತನ್ನದಲ್ಲ, ದಂಡ ಮೊದಲೇ ತೀರಿಸಿ ಆಮೇಲೆ ಕಡಿಯುತ್ತೇನೆ ಅಂದ. ಮುಂಚಿತವಾಗಿ ದಂಡ ಕಟ್ಟಲು ಬರುತ್ತದೋ ಇಲ್ಲವೋ ಎಂದು ಒಂದು ತಾಸು ಚರ್ಚೆ ನಡೆಯಿತು. ಸಿದ್ದಪ್ಪ, “ಬಸ್ಸಿನಾಗ ಮೊದ್ಲ ಟಿಕೆಟ್ ತಗೊಂಡ ಆಮ್ಯಾಲೆ ಕುಂದ್ರತೀವಿಲ್ಲೋ?” ಅಂದದ್ದು ಎಲ್ಲರಿಗೂ ಒಪ್ಪಿಗೆಯಾಯಿತು. ಅವರನ್ನು ಹಾಸ್ಯ ಮಾಡುವುದು ಸುಲಭ. ಆದರೆ ರೆಸಾರ್ಟಿನಲ್ಲಿ ಕೆಲಸ ಸಿಗುತ್ತದೆ ಅಂದಿದ್ದ ವೀರೇಶಪ್ಪ. ದೊಡ್ಡವ್ವನ ಮಗ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಗುತ್ತಿಗೆ ಕೆಲಸಕ್ಕೆ ಹೋಗಿ ಬಂದು ಮಾಡುವವನು, ಪಾಳಿ ಮುಗಿಸಿ ಬಂದರೆ ಮಾತಾಡಲೂ ತ್ರಾಣ ಇರುವುದಿಲ್ಲ. ಅವನಿಗೆ ಊರಲ್ಲೇ ಜೀಪು ಓಡಿಸುವ ಕೆಲಸ ಎಂದು ಹೇಳಿದ್ದ. ಅವನು ಒಪ್ಪಿಗೆಗೆ ಕೈ ಎತ್ತಿದ್ದು ತಪ್ಪು ಅಂತ ಸ್ಕೂಟರಿನ ಮೇಲೆ ಬಂದು ಹೋಗುವ ನಾನು ಯಾವ ಬಾಯಿಂದ ಹೇಳಲಿ? ದೊಡ್ಡವ್ವ ಹಿಂದೆ ಗೋಡೆಗೆ ಒರಗಿ ಕೂತಿದ್ದಳು. ಆಕೆಯನ್ನು ಯಾರೂ ಕೇಳಲಿಲ್ಲ.

ಊಟದ ದಿನದ ಫ್ಲೆಕ್ಸ್ ನಾನೇ ಹೊಡೆದೆ. ‘ಸಮಸ್ತ ಗ್ರಾಮಸ್ಥರಿಗೆ ಪ್ರೀತಿಯ ಭೋಜನ’. ಕೆಳಗೆ ವೀರೇಶಪ್ಪ ಕೈಮುಗಿದ ಫೋಟೋ. ನಮ್ಮ ಬಳಗದವರು ‘ಜಾನಪದ ಆಚರಣೆಯ ಅಧ್ಯಯನ’ ಎಂದು ಒಂದು ಟೆಂಪೋ ಮಾಡಿಕೊಂಡು, ಗಿಣಿ ಹಸಿರು ತೊಟ್ಟುಕೊಂಡು ಬಂದರು. ಹೊಸಪೇಟೆಯಿಂದ ಕ್ಯಾಟರಿಂಗಿನವರು ಬಂದಿದ್ದರು. ಮುತ್ತಲ ಎಲೆಯ ಬದಲು ಕಾಗದದ ತಟ್ಟೆ, ಅದರ ಮೇಲೆ ಬಾಳೆ ಎಲೆಯ ಚಿತ್ರ. ಹೋಳಿಗೆ, ಕಟ್ಟಿನ ಸಾರು, ಜಾಮೂನು, ಗೋಬಿ ಮಂಚೂರಿ. ಕೈಯಾರೆ ಬಡಿಸಬೇಕಲ್ಲ, ವೀರೇಶಪ್ಪ ಮೊದಲ ತಟ್ಟೆಗೆ ಒಂದು ಹೋಳಿಗೆ ಇಟ್ಟು, ಮೊಬೈಲಿಗೆ ನಕ್ಕು, ಕೈ ತೊಳೆದುಕೊಂಡ. ಉಳಿದದ್ದನ್ನು ಕೆಂಪು ಟೊಪ್ಪಿಗೆಯ ಹುಡುಗರು ಬಡಿಸಿದರು. ಯಾರೂ ತಕರಾರು ಮಾಡಲಿಲ್ಲ. ನಾನು ಮೊದಲ ಪಂಕ್ತಿಯಲ್ಲೇ ಕೂತಿದ್ದೆ.

ಉಂಡವರು ಏಳುತ್ತ ಏಳುತ್ತ ‘ಮುಟ್ಟಿತು, ಮುಟ್ಟಿತು’ ಅಂದರು. ಸೊಸೆಯ ಪಕ್ಕದಲ್ಲಿ ಕೂತಿದ್ದ ದೊಡ್ಡವ್ವನ ತಟ್ಟೆ ಮಾತ್ರ ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಆಕೆ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

“ಯಾಕ ಹುಲಿಗೆವ್ವ, ಉಪ್ಪು ಕಮ್ಮಿ ಆಗೈತೇನು?” ಎಂದು ಸಿದ್ದಪ್ಪ ಕೇಳಿದ.

“ತಿಂದ್ರ ಅಲ್ಲೇನು ಉಪ್ಪು ಗೊತ್ತಾಗೋದು. ನಾ ಉಣ್ಣಂಗಿಲ್ಲ.”

“ಮೈಯಾಗ ಆರಾಮಿಲ್ಲೇನು?”

“ಮೈ ಚಲೋ ಐತಿ. ಹಸಿವೂ ಆಗೈತಿ. ಉಣ್ಣಂಗಿಲ್ಲ.”

ಅಲ್ಲಿಗೆ ಗದ್ದಲ ಎದ್ದಿತು. ವೀರೇಶಪ್ಪ ಬಂದು ತಾನೇ ಬಗ್ಗಿ ತುಪ್ಪ ಹಾಕಿದ. ಸೊಸೆ ಕಿವಿಯಲ್ಲಿ ಬೈದಳು. ಮಗ ಎಲ್ಲರೆದುರು, “ನನ್ನ ಕೆಲಸಕ್ಕ ಕಲ್ಲು ಹಾಕ್ಬ್ಯಾಡಬೇ” ಅಂದ. ಆಗ ಆಕೆಯ ಕಣ್ಣು ತುಂಬಿತು, ಕೈ ಮಾತ್ರ ಮಡಿಲು ಬಿಡಲಿಲ್ಲ. ವಯಸ್ಸಾದವರನ್ನು ಲೆಕ್ಕದಿಂದ ಬಿಟ್ಟುಬಿಡೋಣ ಎಂದು ಯಾರೋ ಒಂದು ಉಪಾಯ ಹೇಳಿದರು. ಸಿದ್ದಪ್ಪ ಆಕೆಗಿಂತ ಆರು ವರ್ಷ ದೊಡ್ಡವನು, ಅದನ್ನು ಒಪ್ಪಲಿಲ್ಲ. ಬೇರೆ ದಾರಿ ಕಾಣದೆ ಎಲ್ಲರೂ ನನ್ನನ್ನು ಮುಂದೆ ತಳ್ಳಿದರು. ಓದಿದವನು, ಅಕ್ಕರೆಯ ತಂಗಿಯ ಮಗ, ಹೇಳಿದರೆ ಕೇಳುತ್ತಾಳೆ ಅಂತ.

ನಾನು ಆಕೆಯ ಮುಂದೆ ಕುಕ್ಕರಗಾಲಲ್ಲಿ ಕೂತೆ. “ದೊಡ್ಡವ್ವ, ಒಂದು ತುತ್ತು ತಿನ್ನು. ಎಲ್ಲಾರೂ ಕಾಯಾಕ ಹತ್ಯಾರ” ಅಂದೆ.

“ನೀ ಉಂಡೀ?”

“ಉಂಡೆ.”

“ಎಷ್ಟು ತಿಂದಿ?”

“ನಾಕು.”

“ಹಂಗಾದ್ರ ನಿನ್ನ ಪಾಲಿನ ಗಿಡ ನೀ ತಿಂದಿ. ನನ್ನ ಪಾಲಿನವು ನಿಂತಿರ್ಲಿ” ಅಂದಳು. ದನಿ ಎತ್ತರಿಸಿ ಅಂದದ್ದಲ್ಲ. ಹಿಂದೆ ನಿಂತಿದ್ದ ಬಳಗದ ಗೆಳೆಯನೊಬ್ಬ ಜಾಮೂನು ಬಾಯಲ್ಲಿಟ್ಟುಕೊಂಡೇ ತಲೆ ತಗ್ಗಿಸಿದ. ನನಗೆ ಆಕೆಯ ಮೇಲೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಒಬ್ಬರು ಅನ್ನದಿದ್ದರೂ ಮುಟ್ಟಿದ ಹಾಗಲ್ಲ, ಅಷ್ಟೇ. ದುರುಗವ್ವನ ಹೆದರಿಕೆಯನ್ನು ಗೋಬಿ ಮಂಚೂರಿ ಪೂರ್ತಿ ಬಿಡಿಸಿರಲಿಲ್ಲ. ಸಂಜೆಯ ಹೊತ್ತಿಗೆ ದೊಡ್ಡವ್ವ ಎದ್ದು, ತಟ್ಟೆಯನ್ನು ಅಲ್ಲೇ ಬಿಟ್ಟು ಮನೆಗೆ ಹೋದಳು. ನೊಣ ಬಂದು ಕೂತವು. ವೀರೇಶಪ್ಪ ಮತ್ತೆರಡು ಸಲ ಜನರನ್ನು ಕಳಿಸಿ ನೋಡಿದ. ಆಮೇಲೆ ಬೇರೆ ಕಡೆ ಇದಕ್ಕಿಂತ ಅಗ್ಗದ ದೇವರು ಸಿಕ್ಕಿರಬೇಕು, ಈ ಕಡೆಗೆ ಬರುವುದನ್ನು ಬಿಟ್ಟ. ಅಡವಿ ಉಳಿಯಿತು. ಮಗ ಈಗಲೂ ತೋರಣಗಲ್ಲಿನ ಬಸ್ಸು ಹತ್ತುತ್ತಾನೆ, ತಾಯಿಯ ಜೊತೆ ಬೇಕಾದಷ್ಟೇ ಮಾತಾಡುತ್ತಾನೆ.

ಒಂದು ವರ್ಷ ಕಳೆಯುವುದರೊಳಗೆ ಊರಿನವರ ನೆನಪು ತಾನೇ ರಿಪೇರಿ ಮಾಡಿಕೊಂಡಿತು. “ನಾವು ಬಿಡ್ಲಿಲ್ಲ ನೋಡ್ರಿ, ಎಷ್ಟ್ ಆಸಿ ತೋರ್ಸಿದ್ರೂ ಬಿಡ್ಲಿಲ್ಲ” ಎಂದು ಸಿದ್ದಪ್ಪ ಬಂದ ಬಂದವರಿಗೆ ಹೇಳತೊಡಗಿದ. ನಮ್ಮ ಬಳಗಕ್ಕೂ ಆ ದಿನ ತಾವು ಅಲ್ಲಿದ್ದದ್ದು ಅಡವಿಯ ಪರವಾಗಿಯೇ ಎಂದು ಖಚಿತವಾಯಿತು. ಇಡೀ ಊರಿಗೆ ಹೊಸಪೇಟೆಯಲ್ಲಿ ಸನ್ಮಾನ ಎಂದು ಗೊತ್ತುಮಾಡಿದೆವು. ಶಾಲು, ಹಾರ, ಹಣ್ಣಿನ ಬುಟ್ಟಿ, ಮಧ್ಯಾಹ್ನಕ್ಕೆ ಊಟ. ಫ್ಲೆಕ್ಸಿನ ನಡುವೆ ಸಿದ್ದಪ್ಪ, ಸುತ್ತಲೂ ಊರಿನವರು, ಬಲಕ್ಕೆ ನಾನು. ದೊಡ್ಡವ್ವನ ಫೋಟೋ ಯಾರ ಮೊಬೈಲಿನಲ್ಲೂ ಇರಲಿಲ್ಲ. ಹೋಗಿ ಕರೆದು ಬರುತ್ತೇನೆ ಎಂದು ನಾನೇ ಹೊರಟೆ.

ಆಕೆ ಪಡಸಾಲೆಯಲ್ಲಿ ಕೂತು ಸೀತಾಫಲ ಆರಿಸುತ್ತಿದ್ದಳು, ಮಾಗಿದವು ಒಂದು ಕಡೆ, ದೋರಗಾಯಿ ಒಂದು ಕಡೆ.

“ಸನ್ಮಾನ ಐತಿ ದೊಡ್ಡವ್ವ. ವೇದಿಕಿ ಮ್ಯಾಲೆ ಕುಂದ್ರಸ್ತೀವಿ, ಬಾ” ಅಂದೆ.

“ಯಾತಕ್ಕ?”

“ಎಲ್ಲಾರೂ ಸೇರಿ ಅಡವಿ ಉಳಿಸಿದ್ರಲ್ಲ, ಅದಕ್ಕ.”

ಆಕೆ ಒಂದು ಹಣ್ಣನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಬುಟ್ಟಿಗೆ ಹಾಕಿದಳು. “ಆ ಊಟದ ದಿನ ಹೊತ್ತು ಮೂಡೂಕ ಮುಂಚೆ ಒಂದು ಕಪ್ ಚಾ ಕುಡಿದದ್ದಷ್ಟ ತಮ್ಮಾ,” ಅಂದಳು. “ಊರಾಗ ಒಲಿ ಹಚ್ಚಂಗಿಲ್ಲ, ನಾನೂ ಹಚ್ಚಲಿಲ್ಲ. ಸೊಸಿ ಮಾತಾಡ್ಲಿಲ್ಲ, ಮಗ ಮಾರಿ ತಿರುವಿಕೊಂಡು ಮಲಗಿದ. ಯಾರರೆ ಒಂದು ತಂಗಳ ರೊಟ್ಟಿ, ಒಂದು ಬಾಳಿಹಣ್ಣು ಹಿಡಕೊಂಡು ಬಂದಾರು ಅಂತ ಹೊತ್ತು ಮುಳುಗಿದ ಮ್ಯಾಲೂ ಬಾಗಲ ತೆಗೆದಿಟ್ಟಿದ್ದೆ. ಒಬ್ರೂ ಬರ್ಲಿಲ್ಲ.” ಇನ್ನೊಂದು ಹಣ್ಣು ಕೈಗೆತ್ತಿಕೊಂಡು, “ಸನ್ಮಾನಕ್ಕ ನೀವ ಹೋಗ್ರಿ. ನನಗ ಸಂಡೂರಿಗೆ ಹೋಗೂದೈತಿ” ಅಂದಳು.

ನಾನು ಗೊತ್ತಿಲ್ಲದವನ ಹಾಗೆ ತಲೆ ಆಡಿಸಿದೆ. ಆದರೆ ಆ ಸಂಜೆ ನನ್ನ ಸ್ಕೂಟರು ಆ ಬಾಗಿಲ ಮುಂದಿನಿಂದಲೇ ಹೋಗಿತ್ತು. ಬಾಗಿಲು ತೆರೆದಿತ್ತು, ಒಳಗೆ ಕಂಬಕ್ಕೆ ಒರಗಿ ಆಕೆ ಕೂತದ್ದು ಕಂಡಿತ್ತು. ನಿಲ್ಲಿಸಿದರೆ ನಾನು ಆಕೆಯ ಕಡೆಯವನು ಅಂದುಕೊಂಡಾರು ಎಂದು ವೇಗ ಹೆಚ್ಚಿಸಿದ್ದೆ. ಊರು ದಾಟಿದ ಮೇಲೆ ರಸ್ತೆಯ ಪಕ್ಕದ ಗೂಡಂಗಡಿಯಲ್ಲಿ ಬಾಳೆಗೊನೆ ನೇತುಹಾಕಿದ್ದರು. ನಾನು ಅಲ್ಲಿ ಇಳಿದು ಒಂದು ಸೋಡಾ ಕುಡಿದೆ. ಊಟ ಸ್ವಲ್ಪ ಹೆಚ್ಚಾಗಿತ್ತು.